ಓದುಗರ ಪ್ರಶ್ನೆ, ನಮ್ಮ ಉತ್ತರ: ಉದ್ಯಮಿ ಅಧ್ಯಕ್ಷರಾದಾಗ

ಚಿಲಿ ದೇಶದ ಮಾಜಿ ಅಧ್ಯಕ್ಷ ಸೆಬಾಸ್ಟಿಯನ್ ಪಿನ್ಯೇರಾ ಅವರು 2024ರ ಫೆಬ್ರವರಿ 6ರಂದು ತಾವೇ ಚಲಾಯಿಸುತ್ತಿದ್ದ ಹೆಲಿಕಾಪ್ಟರ್ ರಾಂಕೊ ಸರೋವರಕ್ಕೆ ಬಿದ್ದು ತೀರಿಕೊಂಡರು. ದೇಶದ ಅತಿ ಶ್ರೀಮಂತರಲ್ಲೊಬ್ಬರಾಗಿದ್ದು ಎರಡು ಸಲ ಅಧ್ಯಕ್ಷರಾದ ಅವರ ಬಗ್ಗೆ ಚಿಲಿಯ ಜನ ಇನ್ನೂ ಒಂದು ಮಾತಿಗೆ ಬಂದಿಲ್ಲ. ಅವರ ಕುರಿತು ಉಡುಪಿ ಮತ್ತು ದಕ್ಷಿಣ ಕನ್ನಡದ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಬ್ಯಾಂಕು ಕಟ್ಟಿದವರನ್ನು ಗೌರವದಿಂದ ಕಾಣುವ ಜಿಲ್ಲೆ ನಮ್ಮದು. ಟಿ. ಎ. ಪೈ ಅವರು ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿ, ಮುಂದೆ ದೆಹಲಿಯಲ್ಲಿ ರೈಲ್ವೆ ಸಚಿವರಾದರು. ಅದರಿಂದ ಯಾರಿಗೂ ಕೇಡಾಗಲಿಲ್ಲ. ಹೀಗಿರುವಾಗ ವ್ಯವಹಾರ ಬಲ್ಲವರ ಕೈಗೆ ದೇಶ ಕೊಟ್ಟರೆ ತಪ್ಪೇನು? ಪಿನ್ಯೇರಾ ಅವರ ಮೇಲೆ ಅಲ್ಲಿಯ ಜನರಿಗೆ ಅಷ್ಟು ಸಿಟ್ಟೇಕೆ?
(ಮಣಿಪಾಲದ ಓದುಗರು)

ಉತ್ತರ: ಮಾನ್ಯರೇ, ತಾವು ಕೊಟ್ಟ ಉದಾಹರಣೆ ತುಂಬ ಉಪಯುಕ್ತವಾದದ್ದು, ಏಕೆಂದರೆ ಎರಡು ಬದುಕುಗಳ ನಡುವಿನ ವ್ಯತ್ಯಾಸ ಅದರಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿ ಬೆಳೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು. ಆದ್ದರಿಂದ ಪೈ ಅವರು 1972ರಲ್ಲಿ ರೈಲ್ವೆ ಖಾತೆ ವಹಿಸಿಕೊಳ್ಳುವ ಹೊತ್ತಿಗೆ ಬ್ಯಾಂಕು ಸರ್ಕಾರದ್ದಾಗಿತ್ತು. ಬ್ಯಾಂಕಿನ ಒಡೆತನವನ್ನೂ ಅಧಿಕಾರವನ್ನೂ ಬೇರ್ಪಡಿಸುವ ಕೆಲಸವನ್ನು ಕಾನೂನು ಮೊದಲೇ ಮಾಡಿ ಮುಗಿಸಿತ್ತು. ಪಿನ್ಯೇರಾ ಅವರ ವಿಷಯದಲ್ಲಿ ಆ ಕೆಲಸವನ್ನು ಅವರೇ ಮಾಡಿಕೊಳ್ಳಬೇಕಾಗಿತ್ತು.

ಅವರ ಸಂಪತ್ತು ಹುಟ್ಟಿದ ಕಾಲವನ್ನೂ ನೋಡಬೇಕು. 1949ರಲ್ಲಿ ರಾಜತಾಂತ್ರಿಕರೊಬ್ಬರ ಮಗನಾಗಿ ಹುಟ್ಟಿದ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದು ಊರಿಗೆ ಮರಳಿದಾಗ, 1973ರ ಸೈನಿಕ ದಂಗೆಯಿಂದ ಅಧಿಕಾರ ಹಿಡಿದಿದ್ದ ಜನರಲ್ ಪಿನೊಶೆ ಅವರ ಆಡಳಿತ ನಡೆಯುತ್ತಿತ್ತು. ಸರ್ಕಾರಿ ಉದ್ಯಮಗಳು ಖಾಸಗಿಯವರ ಪಾಲಾಗುತ್ತಿದ್ದವು, ಮಾರುಕಟ್ಟೆ ತೆರೆದುಕೊಂಡಿತ್ತು, ಎದುರು ಮಾತನಾಡಬಲ್ಲ ಕಾರ್ಮಿಕ ಸಂಘಗಳನ್ನು ಮಟ್ಟ ಹಾಕಲಾಗಿತ್ತು. 1970ರ ದಶಕದ ಕೊನೆಗೆ ಅವರು ಚಿಲಿಯಲ್ಲಿ ಕ್ರೆಡಿಟ್ ಕಾರ್ಡ್ ವ್ಯವಹಾರ ಹರಡಿ ಹಣ ಮಾಡಿದರು. 1990ರ ದಶಕದಲ್ಲಿ ಲಾನ್ ವಿಮಾನಯಾನ ಸಂಸ್ಥೆಯಲ್ಲಿ ದೊಡ್ಡ ಪಾಲು ಕೊಂಡರು. ಟಿವಿ ವಾಹಿನಿಯೊಂದು ಅವರದಾಯಿತು, ಹೆಸರಾಂತ ಕೊಲೊ-ಕೊಲೊ ಫುಟ್ಬಾಲ್ ಕ್ಲಬ್ಬಿನಲ್ಲೂ ಷೇರು ಬಂತು. ಸಾಯುವಾಗ ಅವರ ಆಸ್ತಿ ಸುಮಾರು 270 ಕೋಟಿ ಡಾಲರ್ ಎಂದು ಫೋರ್ಬ್ಸ್ ಪತ್ರಿಕೆ ಅಂದಾಜಿಸಿತ್ತು. ಇದು ಅವರ ಚಾಣಾಕ್ಷತನದ ಫಲವೆಂದು ಅಭಿಮಾನಿಗಳು ಹೇಳುತ್ತಾರೆ, ಆ ಕಾಲದ ಫಲವೆಂದು ಟೀಕಾಕಾರರು ಹೇಳುತ್ತಾರೆ. ಚಾಣಾಕ್ಷತನವಿಲ್ಲದೆ ಅಷ್ಟು ಗಳಿಸಲಾಗುತ್ತಿರಲಿಲ್ಲ. ಬೇರೆ ಕಾಲವಾಗಿದ್ದರೆ ಅದೇ ಚಾಣಾಕ್ಷತನಕ್ಕೆ ಅಷ್ಟು ಬೇಗ ಅಷ್ಟು ದಾರಿ ಸಿಗುತ್ತಿರಲಿಲ್ಲ.

ತಾವು ಬ್ಯಾಂಕಿನಲ್ಲಿ ದುಡಿದವರಾದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. 1982ರಲ್ಲಿ ತಾಲ್ಕಾ ಬ್ಯಾಂಕಿನ ಅವ್ಯವಹಾರದ ಪ್ರಕರಣದಲ್ಲಿ, ಅದರ ಮಾಜಿ ವ್ಯವಸ್ಥಾಪಕರಾದ ಅವರನ್ನು ಬಂಧಿಸಲು ನ್ಯಾಯಾಧೀಶರೊಬ್ಬರು ಆದೇಶಿಸಿದರು. ಅವರು 24 ದಿನ ತಲೆಮರೆಸಿಕೊಂಡರು, ಆಮೇಲೆ ಮೇಲಿನ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು. ಕಾನೂನಿನ ದೃಷ್ಟಿಯಲ್ಲಿ ಪ್ರಕರಣ ಅಲ್ಲಿಗೆ ಮುಗಿಯಿತಾದರೂ ಅವರು ಚುನಾವಣೆಗೆ ನಿಂತಾಗಲೆಲ್ಲ ಆ 24 ದಿನಗಳ ಮಾತು ಮತ್ತೆ ಮತ್ತೆ ಎದ್ದಿತು.

ಪ್ರಶ್ನೆ: ಅವರು ಪಿನೊಶೆ ಪಕ್ಷದವರೇ ಅಲ್ಲವೇ?
(ಪುತ್ತೂರಿನ ಓದುಗರು)

ಉತ್ತರ: ಅಲ್ಲ. ಪಿನೊಶೆ ಮುಂದುವರಿಯಬೇಕೇ ಬೇಡವೇ ಎಂದು 1988ರಲ್ಲಿ ನಡೆದ ಜನಮತಗಣನೆಯಲ್ಲಿ ಅವರು 'ಬೇಡ' ಎಂಬ ಪಕ್ಷ ವಹಿಸಿ, ಅದನ್ನು ಬಹಿರಂಗವಾಗಿಯೇ ಹೇಳಿದ್ದರು. ಆದರೆ ಅವರ ಅಣ್ಣ ಹೊಸೆ ಪಿನ್ಯೇರಾ ಆ ಸರ್ಕಾರದ ಕಾರ್ಮಿಕ ಸಚಿವರಾಗಿದ್ದು, ಪಿಂಚಣಿಯನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿದ ವ್ಯವಸ್ಥೆಯನ್ನು ರೂಪಿಸಿದವರು. ಸೆಬಾಸ್ಟಿಯನ್ ಅವರ ಬಲಪಂಥೀಯ ಮೈತ್ರಿಕೂಟದಲ್ಲಿ ಪಿನೊಶೆ ಕಾಲದವರು ಬಹಳ ಮಂದಿಯಿದ್ದರು. ದಂಗೆಯ 40ನೆಯ ವರ್ಷವಾದ 2013ರಲ್ಲಿ, ಅಂದಿನ ಕ್ರೌರ್ಯವನ್ನು ಕಂಡೂ ಸುಮ್ಮನಿದ್ದವರು ಮೌನದ ಪಾಲುದಾರರು ಎಂಬರ್ಥದ ಮಾತನ್ನಾಡಿ ಅವರು ಸ್ವಂತ ಮಿತ್ರರ ಕೋಪಕ್ಕೆ ಗುರಿಯಾದರು. ಅದೇ ವರ್ಷ, ಶಿಕ್ಷೆಗೊಳಗಾದ ಸೇನಾಧಿಕಾರಿಗಳು ಸುಖವಾಗಿದ್ದ ಕಾರಾಗೃಹವೊಂದನ್ನು ಮುಚ್ಚಿಸಿದರು. ಅವರ ರಾಜಕೀಯ ಬದುಕಿನಲ್ಲಿ ನಾನು ಅತ್ಯಂತ ಗೌರವಿಸುವ ಕೆಲಸಗಳಲ್ಲಿ ಇದೂ ಒಂದು, ಏಕೆಂದರೆ ಇದರಿಂದ ಅವರಿಗೆ ನಷ್ಟವಲ್ಲದೆ ಲಾಭವಿರಲಿಲ್ಲ.

ಪ್ರಶ್ನೆ: ನಾನು ರಥಬೀದಿಯಲ್ಲಿ ಅಂಗಡಿ ಇಟ್ಟವನು. ಪಿನ್ಯೇರಾ ಅವರು ಅಧ್ಯಕ್ಷರಾದ ಮೇಲೆ ಷೇರುಗಳನ್ನು ಮಾರಿದ್ದಾರೆ, ಯಾವ ನ್ಯಾಯಾಲಯವೂ ಅವರನ್ನು ಜೈಲಿಗೆ ಕಳುಹಿಸಿಲ್ಲ. ವ್ಯಾಪಾರಿ ಎಂಬ ಕಾರಣಕ್ಕೇ ಅನುಮಾನಿಸುವುದು ನ್ಯಾಯವೇ?
(ಮಂಗಳೂರಿನ ಓದುಗರು)

ಉತ್ತರ: ವ್ಯಾಪಾರಿ ಎಂಬ ಕಾರಣಕ್ಕೇ ಅನುಮಾನಿಸುವುದು ನ್ಯಾಯವಲ್ಲ, ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಮ್ಮ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಸಿಮೆಂಟು ವ್ಯಾಪಾರಿಯೊಬ್ಬರು ಅಧ್ಯಕ್ಷರಾದರೆ ಸಭ್ಯರಾದವರು ಏನು ಮಾಡುತ್ತಾರೆ ಎಂಬುದನ್ನು ತಾವು ಬಲ್ಲಿರಿ. ಮೊದಲ ಸಭೆಯಲ್ಲೇ ಎದ್ದುನಿಂತು, ಈ ಕೆಲಸಕ್ಕೆ ನಮ್ಮ ಅಂಗಡಿಯಿಂದ ಒಂದು ಮೂಟೆಯೂ ಬರುವುದಿಲ್ಲ ಎಂದು ಹೇಳಿಬಿಡುತ್ತಾರೆ. ಯಾರಾದರೂ ಕೇಳುವ ಮೊದಲೇ ಹೇಳುವುದರಲ್ಲಿ ಅದರ ಬೆಲೆಯೆಲ್ಲ ಇದೆ. ಪಿನ್ಯೇರಾ ಅವರು ಬಹುತೇಕ ಸಲ ಕೇಳಿದ ಮೇಲೆ ಹೇಳಿದರು.

ಲಾನ್ ಸಂಸ್ಥೆಯಲ್ಲಿ ಅವರಿಗೆ ಸುಮಾರು 26 ಶೇಕಡಾ ಪಾಲಿತ್ತು. ಆ ಸಂಸ್ಥೆಯ ಹಣಕಾಸು ವರದಿ ಹೊರಬೀಳುವ ಮೊದಲೇ ಅದನ್ನು ತಿಳಿದಿದ್ದು ಷೇರು ಕೊಂಡರೆಂದು 2007ರಲ್ಲಿ ಷೇರುಪೇಟೆಯ ನಿಯಂತ್ರಕರು ಅವರಿಗೆ ದಂಡ ಹಾಕಿದರು. ಅವರು ತಪ್ಪನ್ನು ಒಪ್ಪಲಿಲ್ಲ, ಮೇಲ್ಮನವಿಗೂ ಹೋಗದೆ ದಂಡ ಕಟ್ಟಿದರು. ಅಧಿಕಾರ ವಹಿಸಿಕೊಳ್ಳುವುದರೊಳಗೆ ಲಾನ್ ಪಾಲನ್ನು ಮಾರುವುದಾಗಿ ಮಾತು ಕೊಟ್ಟಿದ್ದರೂ 2010ರ ಮಾರ್ಚ್ 11ರಂದು ಪ್ರಮಾಣವಚನ ಸ್ವೀಕರಿಸುವಾಗ ಮಾರಾಟ ಪೂರ್ತಿಯಾಗಿರಲಿಲ್ಲ. ಉಳಿದದ್ದು ಅದೇ ತಿಂಗಳು ಹೋಯಿತು, ಟಿವಿ ವಾಹಿನಿಯೂ ಫುಟ್ಬಾಲ್ ಕ್ಲಬ್ಬಿನ ಷೇರೂ ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಹೋದವು. ಅಷ್ಟರಲ್ಲಿ, ಚುನಾವಣೆಯ ಗೆಲುವಿನ ಹುಮ್ಮಸ್ಸಿಗೆ ಲಾನ್ ಷೇರಿನ ಬೆಲೆಯೂ ಏರಿತ್ತು.

ಹೆಚ್ಚು ನೋವು ಕೊಡುವುದು ಡೊಮಿಂಗಾ ಗಣಿಯ ವಿಷಯ. 2021ರ ಅಕ್ಟೋಬರಿನಲ್ಲಿ ಬಯಲಾದ ಪ್ಯಾಂಡೋರಾ ದಾಖಲೆಗಳ (ತೆರಿಗೆ ತಪ್ಪಿಸುವ ತಾಣಗಳಲ್ಲಿನ ವ್ಯವಹಾರಗಳ ಸೋರಿಕೆಯಾದ ಕಡತಗಳ) ಪ್ರಕಾರ, ಅವರ ಕುಟುಂಬದ ಪಾಲಿದ್ದ ಆ ಗಣಿ ಯೋಜನೆಯನ್ನು 2010ರಲ್ಲಿ, ಅಂದರೆ ಅವರು ಅಧ್ಯಕ್ಷರಾಗಿದ್ದ ಮೊದಲ ವರ್ಷದಲ್ಲಿ, ಆಪ್ತ ಸ್ನೇಹಿತರೊಬ್ಬರಿಗೆ 15.2 ಕೋಟಿ ಡಾಲರಿಗೆ ಮಾರಲಾಯಿತು. ವ್ಯವಹಾರದ ಮುಖ್ಯ ಭಾಗ ಅಂಥ ತಾಣಗಳಲ್ಲೊಂದಾದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ನಡೆಯಿತು. ಕೊನೆಯ ಕಂತು ಕೈಸೇರಬೇಕಾದರೆ ಆ ಪ್ರದೇಶವನ್ನು ಪರಿಸರ ಸಂರಕ್ಷಣಾ ವಲಯವೆಂದು ಸರ್ಕಾರ ಘೋಷಿಸಬಾರದು ಎಂಬ ಷರತ್ತು ಕರಾರಿನಲ್ಲಿತ್ತು. ಘೋಷಿಸಬೇಕಾದ ಸರ್ಕಾರಕ್ಕೆ ಅವರೇ ಮುಖ್ಯಸ್ಥರಾಗಿದ್ದರು. ತಮ್ಮ ಆಸ್ತಿಯ ನಿರ್ವಹಣೆಯನ್ನು 2009ರಲ್ಲೇ ಬೇರೆಯವರಿಗೆ ಒಪ್ಪಿಸಿದ್ದರಿಂದ ಇದ್ಯಾವುದೂ ತಮಗೆ ತಿಳಿದಿರಲಿಲ್ಲ ಮತ್ತು ಈ ವಿಷಯ 2017ರಲ್ಲೇ ತನಿಖೆಯಾಗಿ ಮುಗಿದಿದೆ ಎಂದು ಅವರು ಹೇಳಿದರು. ಕೆಳಮನೆ ಆ ನವೆಂಬರಿನಲ್ಲಿ 78 ಮತಗಳಿಂದ ಅವರ ಮೇಲೆ ಮಹಾಭಿಯೋಗ ಅಂಗೀಕರಿಸಿತು; ಮೇಲ್ಮನೆ ಒಂದು ವಾರದಲ್ಲಿ ಅದನ್ನು ತಳ್ಳಿಹಾಕಿತು.

ತಾವು ಹೇಳಿದಂತೆ ಶಿಕ್ಷೆಯಾಗಲಿಲ್ಲ. ಆದರೆ ನ್ಯಾಯಾಲಯ ಕೇಳುವುದು ಕಾನೂನು ಮುರಿದಿದೆಯೇ ಎಂಬ ಪ್ರಶ್ನೆಯನ್ನು. ಮತ ಕೊಟ್ಟವರು ಕೇಳುವ ಪ್ರಶ್ನೆ ಅದಕ್ಕಿಂತ ದೊಡ್ಡದು. ಒಂದು ಬೆಟ್ಟ ಉಳಿಯಬೇಕೋ ಅಗೆಯಬೇಕೋ ಎಂದು ತೀರ್ಮಾನಿಸುವವರ ಮನೆಗೆ ಆ ತೀರ್ಮಾನದಿಂದ ಹಣ ಬರುವಂತಿರಬಾರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: 33 ಗಣಿ ಕಾರ್ಮಿಕರ ಜೀವ ಉಳಿಸಿದ್ದೊಂದೇ ಸಾಲದೇ, ಅವರನ್ನು ದೊಡ್ಡ ನಾಯಕರೆನ್ನಲು? ನಾವು ಕಾಲೇಜಿನಲ್ಲಿ ಈ ಬಗ್ಗೆ ಚರ್ಚೆ ಮಾಡಿದಾಗ ಎರಡು ಗುಂಪುಗಳಾದವು.
(ಸುರತ್ಕಲ್‌ನ ವಿದ್ಯಾರ್ಥಿನಿ)

ಉತ್ತರ: ಆ ಕೆಲಸವನ್ನು ಸಣ್ಣದೆಂದು ಯಾರೂ ಹೇಳಬಾರದು. 2010ರ ಆಗಸ್ಟ್ 5ರಂದು ಅಟಕಾಮಾ ಮರುಭೂಮಿಯ ಕೊಪಿಯಾಪೊ ಸಮೀಪದ ಸಾನ್ ಹೊಸೆ ಗಣಿ ಕುಸಿದು 33 ಮಂದಿ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಕೊಂಡರು. 17 ದಿನ ಅವರು ಇದ್ದಾರೋ ಇಲ್ಲವೋ ಎಂದೇ ತಿಳಿಯಲಿಲ್ಲ. ಆಗಸ್ಟ್ 22ರಂದು ಕೊರೆಯುವ ಯಂತ್ರದ ತುದಿಗೆ ಕಟ್ಟಿದ ಚೀಟಿಯೊಂದು ಮೇಲೆ ಬಂತು. ಆಶ್ರಯತಾಣದಲ್ಲಿ 33 ಮಂದಿಯೂ ಚೆನ್ನಾಗಿದ್ದೇವೆ ಎಂದು ಅದರಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು. ಹುಡುಕುವುದನ್ನು ನಿಲ್ಲಿಸಿದ್ದರೂ ಯಾರೂ ತಪ್ಪೆನ್ನದ ಹೊತ್ತಿನಲ್ಲಿ ಸರ್ಕಾರ ನಿಲ್ಲಿಸಲಿಲ್ಲ. ಖಾಸಗಿ ಗಣಿಯ ಅಪಘಾತವನ್ನು ಅಧ್ಯಕ್ಷರು ತಮ್ಮ ಹೊಣೆಯೆಂದು ಮೈಮೇಲೆಳೆದುಕೊಂಡು, ಸೋತರೆ ತಮ್ಮ ಹೆಸರು ಕೆಡುತ್ತದೆಂಬ ಸಲಹೆಗಾರರ ಭಯವನ್ನು ಬದಿಗಿಟ್ಟರು. ಮೂರು ಕಡೆಗಳಿಂದ ಏಕಕಾಲಕ್ಕೆ ಕೊರೆದು, 69ನೆಯ ದಿನ, ಅಕ್ಟೋಬರ್ 13ರಂದು, ಕಿರಿದಾದ ಲೋಹದ ಕೊಳವೆಯಂಥ ಪಂಜರದಲ್ಲಿ ಒಬ್ಬೊಬ್ಬರನ್ನೇ ಮೇಲೆತ್ತಲಾಯಿತು. ಬಾಯಿಬಳಿ ನಿಂತು ಅವರು ಪ್ರತಿಯೊಬ್ಬರನ್ನೂ ತಬ್ಬಿಕೊಂಡದ್ದನ್ನು ಜಗತ್ತೇ ನೋಡಿತು.

ಆದರೆ ನಿಮ್ಮ ಎರಡನೆಯ ಗುಂಪಿನವರು ಕೇಳಿರಬಹುದಾದ ಪ್ರಶ್ನೆಯೂ ಸರಿಯಾದದ್ದೇ: ಅವರು ಅಲ್ಲಿ ಸಿಕ್ಕಿಕೊಂಡದ್ದೇಕೆ? ಹಿಂದೆ ಅಪಘಾತಗಳಾಗಿ ಮುಚ್ಚಿಸಿದ್ದ ಆ ಗಣಿಯನ್ನು ಮತ್ತೆ ತೆರೆಯಲು ಬಿಡಲಾಗಿತ್ತು, ತುರ್ತು ಹೊರದಾರಿಯಲ್ಲಿ ಇರಬೇಕಾಗಿದ್ದ ಏಣಿ ಪೂರ್ತಿಯಾಗಿರಲಿಲ್ಲ. ಮೂರು ವರ್ಷ ತನಿಖೆ ಮಾಡಿದ ಸರ್ಕಾರಿ ವಕೀಲರು 2013ರಲ್ಲಿ ಯಾರ ಮೇಲೂ ಆರೋಪ ಹೊರಿಸದೆ ಕಡತ ಮುಚ್ಚಿದರು. ಮೇಲೆ ಬಂದವರಲ್ಲಿ ಹಲವರು ಆಮೇಲೆ ಕೆಲಸವಿಲ್ಲದೆ, ನಿದ್ದೆಯಿಲ್ಲದೆ ಕಷ್ಟಪಟ್ಟರು.

ಈ ಮನುಷ್ಯನ ಆಡಳಿತವನ್ನು ಓದುತ್ತ ನನಗೆ ಖಚಿತವಾಗಿ ಕಾಣುವ ಸಂಗತಿ ಒಂದಿದೆ. ಗುರಿ ಸ್ಪಷ್ಟವಾಗಿದ್ದು, ಯಂತ್ರ, ಹಣ, ವೇಳಾಪಟ್ಟಿಗಳಿಂದ ಸಾಧಿಸಬಹುದಾದ ಕೆಲಸ ಎದುರಾದಾಗಲೆಲ್ಲ ಪಿನ್ಯೇರಾ ಅವರು ಅಸಾಧಾರಣರು. 2010ರ ಫೆಬ್ರವರಿ 27ರ 8.8 ತೀವ್ರತೆಯ ಭೂಕಂಪದಲ್ಲಿ 500ಕ್ಕೂ ಹೆಚ್ಚು ಮಂದಿ ಸತ್ತ ಬಳಿಕದ ಮರುನಿರ್ಮಾಣ, ಕೊರೊನಾ ಕಾಲದಲ್ಲಿ ಬೇರೆ ದೇಶಗಳಿಗಿಂತ ಮೊದಲೇ ಹಲವು ತಯಾರಕರೊಂದಿಗೆ ಕರಾರು ಮಾಡಿಕೊಂಡು ಜಗತ್ತಿನಲ್ಲೇ ಅತಿ ವೇಗವಾಗಿ ಲಸಿಕೆ ಹಾಕಿಸಿದ ದೇಶಗಳ ಸಾಲಿಗೆ ಚಿಲಿಯನ್ನು ತಂದದ್ದು, ಎಲ್ಲವೂ ಒಂದೇ ಬಗೆಯ ಕೆಲಸಗಳು. ಎದುರಿಗಿರುವವರು ತಮಗೆ ಬೇಕಾದ್ದು ಸವಲತ್ತಲ್ಲ, ಮರ್ಯಾದೆ ಎಂದಾಗ ಅವರಿಗೆ ಆ ಭಾಷೆ ಅರ್ಥವಾಗಲಿಲ್ಲ. 2011ರಲ್ಲಿ ನಿಮ್ಮ ವಯಸ್ಸಿನ ವಿದ್ಯಾರ್ಥಿಗಳು ಉಚಿತ ಶಿಕ್ಷಣ ಕೇಳುತ್ತ ಲಕ್ಷಗಟ್ಟಲೆ ಬೀದಿಗಿಳಿದಾಗ, ಶಿಕ್ಷಣವನ್ನು ಅವರು ಕೊಳ್ಳುವ ವಸ್ತುವಿಗೆ ಹೋಲಿಸಿ ಮಾತಾಡಿದರು. ಆ ಚಳವಳಿಯ ಮುಂದಾಳುಗಳಲ್ಲೊಬ್ಬರಾದ ಗೇಬ್ರಿಯಲ್ ಬೋರಿಕ್ ಅವರೇ ಹತ್ತು ವರ್ಷಗಳ ಬಳಿಕ ಅವರ ಉತ್ತರಾಧಿಕಾರಿಯಾಗಿ ಆಯ್ಕೆಯಾದರು.

ಪ್ರಶ್ನೆ: ಮೆಟ್ರೋ ಟಿಕೆಟಿಗೆ ನಮ್ಮ ಲೆಕ್ಕದ ಮೂರು ರೂಪಾಯಿ ಏರಿಸಿದ್ದಕ್ಕೆ ಒಂದು ದೇಶ ಹೊತ್ತಿ ಉರಿಯಿತೆಂದು ಕೇಳಿದ್ದೇನೆ. ಇಲ್ಲಿ ಬಸ್ಸಿನ ದರ ಏರಿದಾಗ ನಾವು ಗೊಣಗಿ ಸುಮ್ಮನಾಗುತ್ತೇವೆ. ಅಷ್ಟು ಚಿಕ್ಕ ಮೊತ್ತಕ್ಕೆ ಅಷ್ಟು ಕೋಪವೇ?
(ಕುಂದಾಪುರದ ಗೃಹಿಣಿ)

ಉತ್ತರ: ಅಮ್ಮ, ಏರಿದ್ದು 30 ಪೆಸೊ, ತಾವು ಹೇಳಿದಂತೆ ಸುಮಾರು ಮೂರು ರೂಪಾಯಿ. ಆದರೆ ಏರಿದ ಮೇಲೆ ದಟ್ಟಣೆಯ ಹೊತ್ತಿನ ಒಂದು ಪ್ರಯಾಣಕ್ಕೆ 830 ಪೆಸೊ ಆಯಿತು, ನಮ್ಮ ಎಂಬತ್ತು ರೂಪಾಯಿಗೂ ಹೆಚ್ಚು. ದಿನಕ್ಕೆರಡು ಸಲ ಹೋಗಿಬರುವ ಕೂಲಿಯವರ ತಿಂಗಳ ಸಂಬಳದಲ್ಲಿ ಅದು ಎಷ್ಟು ತಿನ್ನುತ್ತದೆಂದು ಮನೆ ನಡೆಸುವ ತಮಗೆ ಬೇರೆ ಹೇಳಬೇಕಾಗಿಲ್ಲ. ಬೀದಿಗಿಳಿದವರ ಘೋಷಣೆಯೂ ಇದನ್ನೇ ಹೇಳಿತು: ಇದು 30 ಪೆಸೊ ಅಲ್ಲ, 30 ವರ್ಷ. ಸೈನಿಕ ಆಡಳಿತ ಕೊನೆಗೊಂಡ 1990ರಿಂದಲೂ, ಪ್ರಜಾಪ್ರಭುತ್ವ ಬಂದರೂ, 1980ರ ಸಂವಿಧಾನವೂ ಅದು ಹಾಕಿಕೊಟ್ಟ ಆರ್ಥಿಕ ಚೌಕಟ್ಟೂ ತಿದ್ದುಪಡಿಗಳೊಂದಿಗೆ ಉಳಿದುಬಂದವು. ಜೀವಮಾನವಿಡೀ ಸಂಬಳದ ಹತ್ತನೆಯ ಒಂದು ಪಾಲನ್ನು ಖಾಸಗಿ ಕಂಪನಿಗೆ ಕಟ್ಟಿದವರಿಗೆ ಮುಪ್ಪಿನಲ್ಲಿ ಕೈಗೆ ಬಂದದ್ದು ಔಷಧಿಗೂ ಸಾಲದ ಪಿಂಚಣಿ. ಆ ವ್ಯವಸ್ಥೆಯಿಂದ ಸೈನ್ಯದವರನ್ನೂ ಪೊಲೀಸರನ್ನೂ ಮಾತ್ರ ಹೊರಗಿಡಲಾಗಿತ್ತು. ಮಕ್ಕಳ ಓದಿಗೆ ಸಾಲ, ಆಸ್ಪತ್ರೆಗೆ ಸಾಲ, ಹೊಲಕ್ಕೆ ಬೇಕಾದ ನೀರಿನ ಹಕ್ಕೂ ಮಾರುಕಟ್ಟೆಯಲ್ಲಿ.

ಇಂಥ ಹೊತ್ತಿನಲ್ಲಿ, 2019ರ ಅಕ್ಟೋಬರ್ ಮೊದಲ ಭಾಗದಲ್ಲಿ, ಅಧ್ಯಕ್ಷರು ಸಂದರ್ಶನವೊಂದರಲ್ಲಿ ಕಂಗೆಟ್ಟ ಲ್ಯಾಟಿನ್ ಅಮೆರಿಕದ ನಡುವೆ ಚಿಲಿ ಮರುಭೂಮಿಯ ಹಸಿರುತಾಣದಂತಿದೆ ಎಂದರು. ಕೆಲವೇ ದಿನಗಳಲ್ಲಿ ಶಾಲಾಮಕ್ಕಳು ಮೆಟ್ರೋ ಗೇಟು ಹಾರಿ ಒಳಗೆ ನುಗ್ಗತೊಡಗಿದರು. ಅಕ್ಟೋಬರ್ 18ರ ರಾತ್ರಿ ನಿಲ್ದಾಣಗಳು ಉರಿಯುತ್ತಿದ್ದಾಗ ಅಧ್ಯಕ್ಷರು ನಗರದ ಶ್ರೀಮಂತ ಭಾಗದ ಪಿಜ್ಜಾ ಹೋಟೆಲಿನಲ್ಲಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಕುಳಿತಿದ್ದ ಚಿತ್ರ ಎಲ್ಲರ ಮೊಬೈಲಿಗೂ ತಲುಪಿತು. ಅಜ್ಜನೊಬ್ಬ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಗುವುದು ತಪ್ಪಲ್ಲ. ಊರು ಉರಿಯುತ್ತಿದೆಯೆಂಬ ಸುದ್ದಿ ಊರಿನ ಅಧ್ಯಕ್ಷನಿಗೆ ಅಷ್ಟು ತಡವಾಗಿ ನಾಟಿತಲ್ಲ ಎಂಬುದು ಜನರ ನೋವಾಗಿತ್ತು. ಎರಡು ದಿನ ಬಿಟ್ಟು ಅವರು, ಪ್ರಬಲ ಶತ್ರುವಿನ ವಿರುದ್ಧ ನಾವು ಯುದ್ಧದಲ್ಲಿದ್ದೇವೆ ಎಂದು ಹೇಳಿದರು. ರಾಜಧಾನಿಯ ಭದ್ರತೆಯ ಹೊಣೆ ಹೊತ್ತಿದ್ದ ಸೇನಾಧಿಕಾರಿಯೇ ಮರುದಿನ, ತಾನು ಯಾರೊಂದಿಗೂ ಯುದ್ಧದಲ್ಲಿಲ್ಲ ಎಂದುಬಿಟ್ಟರು.

ದರ ಏರಿಕೆಯನ್ನು ಹಿಂದಕ್ಕೆ ಪಡೆದರೂ ಕಿಚ್ಚು ಆರಲಿಲ್ಲ. ಅಕ್ಟೋಬರ್ 25ರಂದು ರಾಜಧಾನಿ ಸಾಂಟಿಯಾಗೊದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಆ ತಿಂಗಳುಗಳಲ್ಲಿ 30ಕ್ಕೂ ಹೆಚ್ಚು ಮಂದಿ ಸತ್ತರು. ಪೊಲೀಸರ ಗುಂಡಿನ ಚೂರು ಮತ್ತು ಅಶ್ರುವಾಯು ಡಬ್ಬಿಗಳಿಂದ 400ಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಗಾಯವಾದದ್ದನ್ನು ಅಲ್ಲಿಯ ಮಾನವ ಹಕ್ಕುಗಳ ಸಂಸ್ಥೆ ದಾಖಲಿಸಿತು. ಗಂಭೀರ ಉಲ್ಲಂಘನೆಗಳು ನಡೆದಿವೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಹೇಳಿತು. ಫಾಬಿಯೋಲಾ ಕಂಪಿಯಾಯ್ ಎಂಬ ಕಾರ್ಮಿಕ ಮಹಿಳೆ ರಾತ್ರಿ ಪಾಳಿಗೆ ಹೋಗಲು ಮನೆಯಿಂದ ಹೊರಟಿದ್ದರು. ಮುಖಕ್ಕೆ ಬಡಿದ ಡಬ್ಬಿಯೊಂದು ಅವರ ಎರಡು ಕಣ್ಣುಗಳ ದೃಷ್ಟಿಯನ್ನೂ ವಾಸನೆ, ರುಚಿಗಳ ಶಕ್ತಿಯನ್ನೂ ಕಸಿಯಿತು. 2021ರಲ್ಲಿ ಆಕೆ ಪಕ್ಷೇತರರಾಗಿ ನಿಂತು ಸೆನೆಟರ್ ಆಗಿ ಆಯ್ಕೆಯಾದರು; ಆ ಡಬ್ಬಿಯನ್ನು ಹಾರಿಸಿದ ಪೊಲೀಸ್ ಅಧಿಕಾರಿಗೆ 2022ರಲ್ಲಿ ಜೈಲು ಶಿಕ್ಷೆಯಾಯಿತು.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆಗ ಬೆಂಕಿಯೂ ಲೂಟಿಯೂ ನಿಜವಾಗಿ ನಡೆದವು, ಎಷ್ಟೋ ಸಣ್ಣ ಅಂಗಡಿಯವರು ಬೀದಿಪಾಲಾದರು. ನವೆಂಬರಿನಲ್ಲಿ ಹಿಂಸೆ ಮತ್ತೆ ಏರಿದಾಗ ಸೈನ್ಯವನ್ನು ಮತ್ತೆ ಬೀದಿಗೆ ಇಳಿಸಬಹುದಾಗಿದ್ದ ಪಿನ್ಯೇರಾ ಅವರು ಆ ದಾರಿ ಬಿಟ್ಟು, ಪಕ್ಷಗಳ ನಡುವಿನ ಮಾತುಕತೆಗೆ ಎಡೆಮಾಡಿಕೊಟ್ಟರು. ನವೆಂಬರ್ 15ರ ಒಪ್ಪಂದದಿಂದ ಹೊಸ ಸಂವಿಧಾನದ ಪ್ರಶ್ನೆ ಮತಪೆಟ್ಟಿಗೆಗೆ ಹೋಯಿತು. 2020ರ ಅಕ್ಟೋಬರಿನಲ್ಲಿ 78 ಶೇಕಡಾ ಜನ ಬೇಕೆಂದರು. ಆಮೇಲೆ ಬಂದ ಎರಡು ಕರಡುಗಳನ್ನೂ 2022 ಮತ್ತು 2023ರಲ್ಲಿ ಅದೇ ಜನ ತಿರಸ್ಕರಿಸಿದ್ದರಿಂದ ಹಳೆಯದೇ ಉಳಿಯಿತು. 2020ರ ಆರಂಭದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅವರನ್ನು ಮೆಚ್ಚಿದವರು ಬರೇ 6 ಶೇಕಡಾ. ಅಂಥ ಹೊತ್ತಿನಲ್ಲೂ ಅವರು ಸಂವಿಧಾನದ ಗೆರೆ ದಾಟದೆ ಅವಧಿ ಮುಗಿಸಿ ಎದುರಾಳಿಗೆ ಅಧಿಕಾರ ಒಪ್ಪಿಸಿದರೆಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಗೆಂದು ಆ 400 ಮಂದಿಯ ಕಣ್ಣಿನ ಲೆಕ್ಕ ಇದರಲ್ಲಿ ವಜಾ ಆಗುವುದೂ ಇಲ್ಲ. ಒಬ್ಬರಿಗೆ ಮಾಡಿದ ಉಪಕಾರವನ್ನು ಇನ್ನೊಬ್ಬರಿಗೆ ಆದ ಹಾನಿಗೆ ಜಮಾ ಹಾಕುವುದು ಯಾವ ಖಾತೆಪುಸ್ತಕದಲ್ಲೂ ಇಲ್ಲ.

ಪ್ರಶ್ನೆ: ನಮ್ಮಲ್ಲಿ ನುಡಿನಮನ ಸಭೆಗೆ ಹೋದರೆ ಸತ್ತವರಲ್ಲಿ ದೋಷವೇ ಇರಲಿಲ್ಲವೆಂಬಂತೆ ಮಾತಾಡುತ್ತಾರೆ. ಪಿನ್ಯೇರಾ ಅವರನ್ನು ಕಟುವಾಗಿ ಟೀಕಿಸಿದ್ದ ಬೋರಿಕ್ ಅವರೂ ಹೊಗಳಿದರಂತೆ. ಇದು ಪ್ರಾಮಾಣಿಕವೇ? ನಾನು ಸಮಾಜ ವಿಜ್ಞಾನದ ಅಧ್ಯಾಪಕಿ. ಇಂಥವರ ಬಗ್ಗೆ ಮಕ್ಕಳಿಗೆ ಏನು ಹೇಳಲಿ?
(ಕಾರ್ಕಳದ ಓದುಗರು)

ಉತ್ತರ: ಬೋರಿಕ್ ಅವರು ಮೂರು ದಿನದ ಶೋಕಾಚರಣೆ ಘೋಷಿಸಿ, ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿಸಿದರು. ಅಲ್ಲಿ ಮಾತನಾಡುತ್ತ, ಪಿನ್ಯೇರಾ ಅವರ ಆಡಳಿತದ ಕಾಲದಲ್ಲಿ ಟೀಕೆ ಆರೋಪಗಳು ಕೆಲವೊಮ್ಮೆ ನ್ಯಾಯದ ಮಿತಿಯನ್ನು ಮೀರಿದ್ದವು ಎಂದು ಒಪ್ಪಿಕೊಂಡರು. ಕಣ್ಣು ಕಳೆದುಕೊಂಡವರಿಗೂ ಅವರ ಮನೆಯವರಿಗೂ ಆ ಮಾತು ನೋವುಂಟುಮಾಡಿತು. ಆ ನೋವು ಸಹಜವಾದದ್ದು. ಆದರೂ ಬೋರಿಕ್ ಅವರು ಅಪ್ರಾಮಾಣಿಕರೆಂದು ನನಗನ್ನಿಸುವುದಿಲ್ಲ. ಅಧಿಕಾರದ ಕುರ್ಚಿಯಲ್ಲಿ ಎರಡು ವರ್ಷ ಕುಳಿತ ಮೇಲೆ, ಹಿಂದೆ ಅಲ್ಲಿ ಕುಳಿತವರ ಕಷ್ಟ ಅರಿವಾಗಿ ತಾವಾಡಿದ ಮಾತನ್ನು ತೂಗಿ ನೋಡಿದವರ ಮಾತದು. ತಮ್ಮ ಹಳೆಯ ಮಾತನ್ನು ತಿದ್ದಿಕೊಂಡರೇ ಹೊರತು, ನಡೆದ ಹಿಂಸೆ ನಡೆದೇ ಇಲ್ಲವೆಂದು ಅವರು ಹೇಳಲಿಲ್ಲ.

ನಮ್ಮ ನುಡಿನಮನದ ರೂಢಿಯನ್ನೂ ನಾನು ಹಳಿಯಲಾರೆ; ಅದು ಮನೆಯವರ ದುಃಖಕ್ಕೆ ಹೆಗಲು ಕೊಡುವ ಸಭೆ. ಪಾಠದ ಕೋಣೆ ಅಂಥ ಸಭೆಯಲ್ಲ. ಹೆಲಿಕಾಪ್ಟರ್ ನೀರಿಗೆ ಬೀಳುತ್ತಿದ್ದಾಗ ಪಿನ್ಯೇರಾ ಅವರು ಉಳಿದ ಮೂವರನ್ನು ಮೊದಲು ಜಿಗಿಯಲು ಹೇಳಿದರೆಂದು ಬದುಕುಳಿದವರು ತಿಳಿಸಿದ್ದಾರೆ. ಮೂವರೂ ದಡ ಸೇರಿದರು, ಅವರು ಸೇರಲಿಲ್ಲ. ಇದನ್ನು ಮಕ್ಕಳಿಗೆ ಹೇಳಿ. ಒಂದೇ ಲಿಂಗದವರ ಮದುವೆಗೆ 2021ರ ಡಿಸೆಂಬರಿನಲ್ಲಿ, ತಮ್ಮ ಪಕ್ಷದವರ ವಿರೋಧದ ನಡುವೆಯೂ, ಕಾನೂನು ಮಾಡಿಸಿದ್ದನ್ನೂ, ಹೆರಿಗೆ ರಜೆಯನ್ನು ಆರು ತಿಂಗಳಿಗೆ ಏರಿಸಿದ್ದನ್ನೂ ಹೇಳಿ. ಡೊಮಿಂಗಾದ ಕರಾರಿನ ಷರತ್ತನ್ನು ಕರಿಹಲಗೆಯ ಮೇಲೆ ಬರೆದು, ಯಾರಿಗೆ ಯಾವುದರಿಂದ ಲಾಭವೆಂದು ಅವರನ್ನೇ ಕೇಳಿ. ಗಣಿಯೊಳಗಿಂದ ಬಂದ ಚೀಟಿಯ ಕತೆಯನ್ನೂ ಫಾಬಿಯೋಲಾ ಕಂಪಿಯಾಯ್ ಅವರ ಕತೆಯನ್ನೂ ಒಂದೇ ಅವಧಿಯಲ್ಲಿ ಹೇಳಿ. ಒಂದನ್ನು ಇಂದು, ಇನ್ನೊಂದನ್ನು ಮುಂದಿನ ವಾರ ಎಂದು ಇಟ್ಟುಕೊಳ್ಳಬೇಡಿ. ಯಾವುದು ಮೊದಲು ಎಂದು ಕೇಳಿದರೆ, ನಡೆದ ಕ್ರಮದಲ್ಲೇ, 2010 ಮೊದಲು, ಆಮೇಲೆ 2019.